ಐಸ್ ಹಾಕಿ ಆಟಗಾರರ ಆಟೋಗ್ರಾಫ್ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಹಾಕಿ?

ಐಸ್ ಹಾಕಿ. ಅದರಲ್ಲೂ ಅಮೆರಿಕ ಮತ್ತು ಕೆನಡಾದ ಎನ್‌ಎಚ್‌ಎಲ್, ಅಂದರೆ ನ್ಯಾಷನಲ್ ಹಾಕಿ ಲೀಗ್. ಒಟ್ಟು 32 ತಂಡ. ಏಳು ಕೆನಡಾದಲ್ಲಿ, ಉಳಿದ 25 ಅಮೆರಿಕದಲ್ಲಿ. ಅಕ್ಟೋಬರ್‌ನಲ್ಲಿ ಶುರುವಾದ ಸೀಸನ್ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಕೈಗೆ ಬರುವಷ್ಟರಲ್ಲಿ ಜೂನ್ ಆಗಿರುತ್ತದೆ. ಇಲ್ಲಿ ಹೇಳುವುದೆಲ್ಲ ಚಳಿಯಲ್ಲಿ ನಿಂತು, ಅಂಚೆಗೆ ಕಾದು, ಒಂದೆರಡು ಸಲ ಮೋಸಹೋಗಿ ಕಲಿತದ್ದು.

ಅಷ್ಟು ದೊಡ್ಡ ಆಟಗಾರರು ನಿಜವಾಗಿಯೂ ಸಹಿ ಹಾಕಿಕೊಡುತ್ತಾರಾ?

ಹಾಕಿಕೊಡುತ್ತಾರೆ. ಹಾಕಿಯವರು ಸಲೀಸಾಗಿ ಮಾತಿಗೆ ಸಿಗುತ್ತಾರೆ ಅನ್ನುವುದು ನನ್ನ ಅನುಭವ. ಚಿಕ್ಕವರಿದ್ದಾಗ ಅವರಲ್ಲಿ ಎಷ್ಟೋ ಜನ ರಿಂಕಿನ (ಐಸ್ ಹಾಕಿ ಆಡುವ ಅಂಗಳದ) ಗಾಜಿಗೆ ಮೂಗು ಒತ್ತಿ ನಿಂತವರೇ.

ಆದರೆ ನಿಮಗೆ ಸಿಗುವುದು ಅರ್ಧ ನಿಮಿಷ. ಅಭ್ಯಾಸ ಮುಗಿಸಿ, ಸ್ನಾನ ಮಾಡಿ, ಹಸಿದು ಮನೆಗೆ ಹೊರಟ ಮನುಷ್ಯ ಕಾರಿನ ಗಾಜು ಇಳಿಸಿ ಕೊಡುವ ಅರ್ಧ ನಿಮಿಷ. ಅಷ್ಟರಲ್ಲಿ ಅವರಿಗೆ ಏನೂ ತೊಡಕಾಗದ ಹಾಗೆ ನೀವು ಮೊದಲೇ ಸಿದ್ಧವಾಗಿರಬೇಕು. ಕೆಳಗಿನ ಮುಕ್ಕಾಲು ಪಾಲು ಮಾತು ಇದರ ಬಗ್ಗೆಯೇ.

ಎಲ್ಲಿ ನಿಂತರೆ ಸಿಗುತ್ತಾರೆ?

ಪಂದ್ಯ ನಡೆಯುವ ದೊಡ್ಡ ಅರೀನಾದಲ್ಲಿ ಕಷ್ಟ. ಆಟಗಾರರ ಕಾರು ನೆಲಮಾಳಿಗೆಯಲ್ಲಿ ಒಳಗೆ ಹೋಗಿ ಅಲ್ಲಿಂದಲೇ ಹೊರಗೆ ಹೋಗಿಬಿಡುತ್ತದೆ. ಅಭ್ಯಾಸದ ರಿಂಕಿಗೆ ಹೋಗಿ. ಬಹಳಷ್ಟು ತಂಡಗಳಿಗೆ ಬೇರೆಯದೇ ಅಭ್ಯಾಸದ ಜಾಗ ಇದೆ. ಕೆಲವು ಕಡೆ ಯಾರು ಬೇಕಾದರೂ ಬಂದು ಕೂತು ನೋಡಬಹುದು, ಟಿಕೆಟ್ ಬೇಡ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಕ್ರ್ಯಾನ್‌ಬೆರಿ ಟೌನ್‌ಶಿಪ್‌ನಲ್ಲಿ ಅಭ್ಯಾಸ ಮಾಡುತ್ತಾರೆ, ವೇಗಸ್ ಗೋಲ್ಡನ್ ನೈಟ್ಸ್ ಸಮ್ಮರ್ಲಿನ್‌ನಲ್ಲಿ, ಟೊರಾಂಟೊ ಮೇಪಲ್ ಲೀಫ್ಸ್ ಎಟೋಬಿಕೋದಲ್ಲಿ. ವಾಷಿಂಗ್ಟನ್ ಕ್ಯಾಪಿಟಲ್ಸ್ ರಿಂಕ್ ಇರುವುದು ಆರ್ಲಿಂಗ್ಟನ್‌ನ ಒಂದು ಮಾಲ್‌ನ ಪಾರ್ಕಿಂಗ್ ಕಟ್ಟಡದ ತುತ್ತತುದಿಯಲ್ಲಿ. ಲಿಫ್ಟ್‌ನಲ್ಲಿ ಮೇಲೆ ಹೋಗಿ ಬಾಗಿಲು ತೆರೆದರೆ ಎದುರಿಗೇ ಮಂಜಿನ ಗಾಳಿ!

ಅಭ್ಯಾಸ ಮುಗಿದ ಮೇಲೆ ಆಟಗಾರರ ಕಾರು ಯಾವ ಗೇಟಿನಿಂದ ಹೊರಡುತ್ತದೆ ಎಂದು ನೋಡಿಕೊಳ್ಳಿ. ಕಾರಿಗೆ ಅಡ್ಡ ನಿಲ್ಲಬೇಡಿ. ರಸ್ತೆಯ ಪಕ್ಕ, ಡ್ರೈವರ್ ಕೂರುವ ಬದಿಯಲ್ಲಿ, ದೂರದಿಂದಲೇ ಕಾಣುವ ಹಾಗೆ ನಿಲ್ಲಿ. ಕೈಯಲ್ಲಿ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆ) ಕಾಣುತ್ತಿರಲಿ. ಅಲ್ಲಿನ ಸೆಕ್ಯುರಿಟಿಯವರು ಜಾಗ ತೋರಿಸಿದರೆ ಅಲ್ಲೇ ನಿಲ್ಲಿ. ಅವರ ಜೊತೆ ವಾದಕ್ಕಿಳಿದರೆ ಅವತ್ತು ನಿಮ್ಮೊಬ್ಬರಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ಮಕ್ಕಳಿಗೂ ಸಹಿ ತಪ್ಪುತ್ತದೆ.

ಪಂದ್ಯದ ದಿನ ಹೋಗಬಹುದಾ?

ಬೆಳಗ್ಗೆ ಹೋಗಿ. ಪಂದ್ಯದ ದಿನ ಬೆಳಗ್ಗೆ ತಂಡಗಳು ಸ್ವಲ್ಪ ಹೊತ್ತು ಐಸ್ ಮೇಲಿಳಿಯುತ್ತವೆ. ಇದಕ್ಕೆ ಮಾರ್ನಿಂಗ್ ಸ್ಕೇಟ್ ಎನ್ನುತ್ತಾರೆ. ಸಾಮಾನ್ಯವಾಗಿ ಊರಿನ ತಂಡ 10:30ರ ಸುಮಾರಿಗೆ, ಬಂದ ತಂಡ 11:30ರ ಸುಮಾರಿಗೆ. ಹಿಂದಿನ ರಾತ್ರಿಯೂ ಪಂದ್ಯ ಆಡಿದ್ದರೆ ಮಾರ್ನಿಂಗ್ ಸ್ಕೇಟ್ ಇರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅವತ್ತು ಆಡಲಿರುವ ಗೋಲ್‌ಕೀಪರ್‌ನನ್ನು ಮಾತ್ರ ಸುಮ್ನೆ ಬಿಟ್ಟುಬಿಡಿ. ಅವರ ತಲೆಯೆಲ್ಲ ಸಂಜೆಯ ಮೇಲಿರುತ್ತದೆ.

ಸಂಜೆ ವಾರ್ಮ್‌ಅಪ್ ಸಮಯದಲ್ಲಿ ಗಾಜಿನ ಹತ್ತಿರ ನಿಂತರೆ ಸಹಿ ಸಿಗುವುದು ತೀರಾ ಅಪರೂಪ. ಆದರೆ ಆಟಗಾರರು ಮಕ್ಕಳನ್ನು ನೋಡಿ ಗಾಜಿನ ಮೇಲಿಂದ ಪಕ್ ಎಸೆಯುತ್ತಾರೆ. ಆ ಪಕ್ ಜೋಪಾನವಾಗಿಟ್ಟು, ಮುಂದೊಂದು ದಿನ ಎಸೆದವರ ಹತ್ತಿರವೇ ಸಹಿ ಹಾಕಿಸಿಕೊಂಡವರಿದ್ದಾರೆ. ಅದಕ್ಕಿಂತ ಒಳ್ಳೆಯ ಪಕ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ವರ್ಷದಲ್ಲಿ ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್. ಟ್ರೈನಿಂಗ್ ಕ್ಯಾಂಪ್ ಶುರುವಾಗಿರುತ್ತದೆ, ಎಲ್ಲರೂ ಹುರುಪಿನಲ್ಲಿರುತ್ತಾರೆ, ಯಾರೂ ಇನ್ನೂ ಸೋತಿರುವುದಿಲ್ಲ. ಏಪ್ರಿಲ್ ನಂತರ ಪ್ಲೇಆಫ್ ಹೊತ್ತಿನಲ್ಲಿ ಅದೇ ಆಟಗಾರರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೇರ ನಡೆದುಬಿಡುತ್ತಾರೆ. ಬೇಸರ ಮಾಡಿಕೊಳ್ಳಬೇಡಿ.

ಜುಲೈ ಮೊದಲ ವಾರಗಳನ್ನೂ ಮರೆಯಬೇಡಿ. ಆಗ ಡೆವಲಪ್‌ಮೆಂಟ್ ಕ್ಯಾಂಪ್ ನಡೆಯುತ್ತದೆ. ಆಗತಾನೇ ಡ್ರಾಫ್ಟ್ ಆದ, ಅಂದರೆ ತಂಡಗಳು ಸರದಿಯಂತೆ ಆರಿಸಿಕೊಂಡ, ಹದಿನೆಂಟು ಹತ್ತೊಂಬತ್ತರ ಹುಡುಗರು ಬಂದಿರುತ್ತಾರೆ. ಅವರಿಗೆ ಸಹಿ ಕೇಳಿದವರೇ ಕಡಿಮೆ. ಎಷ್ಟು ಚೆನ್ನಾಗಿ, ಒಂದೊಂದೇ ಅಕ್ಷರ ಬಿಡಿಸಿ ಬರೆಯುತ್ತಾರೆ ಗೊತ್ತಾ! ಐದು ವರ್ಷ ಕಳೆದರೆ ಅದೇ ಸಹಿ ಒಂದು ಕೊಕ್ಕೆ, ಒಂದು ಗೆರೆ ಆಗಿಬಿಟ್ಟಿರುತ್ತದೆ.

ಹೇಗೆ ಕೇಳಬೇಕು?

ಹೆಸರು ಹಿಡಿದು, ಮಿಸ್ಟರ್ ಸೇರಿಸಿ ಕೇಳಿ. "ಪ್ಲೀಸ್" ಇರಲಿ. ಹಾಕಿಕೊಟ್ಟರೆ ಥ್ಯಾಂಕ್ಸ್, ಹಾಕದಿದ್ದರೂ ಥ್ಯಾಂಕ್ಸ್. ಒಂದೇ ವಸ್ತು ಕೊಡಿ. ಎರಡು ಕೊಡಬೇಕೆನಿಸಿದರೆ ಮೊದಲು ಕೇಳಿ, ಆಮೇಲೆ ಕೊಡಿ. ಪೆನ್ನಿನ ಕ್ಯಾಪ್ ತೆಗೆದಿರಬೇಕು. ಆಟಗಾರರ ಚಿತ್ರವಿರುವ ಕಾರ್ಡು ತಂದಿದ್ದರೆ ಅದು ಕವರಿನಿಂದ ಹೊರಗಿರಬೇಕು. ಕ್ಲಿಪ್‌ಬೋರ್ಡ್ ಇದ್ದರೆ ಇನ್ನೂ ಒಳ್ಳೆಯದು. ಚಳಿಯಲ್ಲಿ ಅವರು ಅಂಗೈ ಮೇಲೆ ಕಾರ್ಡು ಇಟ್ಟುಕೊಂಡು ಬರೆದರೆ ಸಹಿ ವಕ್ರವಾಗುತ್ತದೆ.

ಯಾರೆಂದು ಗೊತ್ತಿಲ್ಲದೆ ಕೇಳಬೇಡಿ. ಹೆಲ್ಮೆಟ್ ಇಲ್ಲದೆ, ಒದ್ದೆ ಕೂದಲಲ್ಲಿ, ಮಾಮೂಲಿ ಜಾಕೆಟ್ ಹಾಕಿ ಬರುವಾಗ ಗುರುತು ಹಿಡಿಯುವುದು ಸುಲಭವಲ್ಲ. ನಾನು ತಂಡದ ಎಲ್ಲರ ಮುಖ, ನಂಬರ್ ಇರುವ ಒಂದು ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಒಂದು ತಂಡದಲ್ಲಿ 23 ಜನ. ಸ್ಟಾರ್‌ಗಳ ಮುಖ ಎಲ್ಲರಿಗೂ ಗೊತ್ತು. ನಾಲ್ಕನೇ ಲೈನಿನಲ್ಲಿ, ಅಂದರೆ ಕಡಿಮೆ ಹೊತ್ತು ಐಸ್ ಮೇಲಿರುವ ಕೊನೆಯ ಗುಂಪಿನಲ್ಲಿ, ಆಡುವವರನ್ನು ಹೆಸರು ಹಿಡಿದು ಕರೆದು ನೋಡಿ, ಅವರ ಮುಖವೇ ಅರಳುತ್ತದೆ.

ಯಾವುದರ ಮೇಲೆ ಸಹಿ ಕೇಳಬಾರದು?

ಆಟಗಾರರಲ್ಲಿ ಒಂದು ನಂಬಿಕೆ ಇದೆ: ಗೆಲ್ಲದೆ ಸ್ಟ್ಯಾನ್ಲಿ ಕಪ್ ಮುಟ್ಟಬಾರದು. ಇನ್ನೂ ಕಪ್ ಗೆಲ್ಲದವರ ಮುಂದೆ ಕಪ್ ಚಿತ್ರವಿರುವ ಪಕ್ ಅಥವಾ ಫೋಟೊ ಹಿಡಿದರೆ ಅವರನ್ನು ಸುಮ್ಮನೆ ಮುಜುಗರಕ್ಕೆ ಸಿಕ್ಕಿಸಿದ ಹಾಗೆ. ಎದುರಾಳಿ ತಂಡದ ಜರ್ಸಿ ಬೇಡ. ಅವರು ಪೆಟ್ಟು ತಿಂದು ಬಿದ್ದ ಫೋಟೊ ಬೇಡವೇ ಬೇಡ. ಖಾಲಿ ಬಿಳಿ ಕಾಗದ ಕೊಟ್ಟರೂ ಕೆಲವರು ಹಿಂಜರಿಯುತ್ತಾರೆ, ಯಾಕೆಂದರೆ ಅದರ ಮೇಲೆ ಆಮೇಲೆ ಯಾರು ಏನು ಬರೆಯುತ್ತಾರೋ.

ಪಕ್ ಮೇಲೆ ಯಾವ ಪೆನ್ ಬಳಸಬೇಕು?

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಪಕ್ ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ. ಕಪ್ಪು ರಬ್ಬರ್ ಮೇಲೆ ನೀಲಿ, ಕಪ್ಪು ಮಾರ್ಕರ್ ಕಾಣುವುದೇ ಇಲ್ಲ. ಬೆಳ್ಳಿ ಅಥವಾ ಚಿನ್ನದ ಬಣ್ಣದ ಪೇಂಟ್ ಪೆನ್ ಬೇಕು. ನನ್ನ ಮಟ್ಟಿಗೆ ಬೆಳ್ಳಿಯೇ ಸರಿ, ದೂರದಿಂದಲೂ ಓದಲು ಬರುತ್ತದೆ.

ಹೊಸ ಪಕ್ ಮುಟ್ಟಿ ನೋಡಿ. ಬೆರಳಿಗೆ ಸಣ್ಣ ಜಿಡ್ಡು ಹತ್ತುತ್ತದೆ. ಆ ಜಿಡ್ಡಿನ ಮೇಲೆ ಬರೆದರೆ ಪೇಂಟ್ ಹಿಡಿಯುವುದಿಲ್ಲ, ಮಾರನೇ ದಿನ ಉಗುರು ತಾಗಿದರೆ ಎದ್ದುಬರುತ್ತದೆ. ಹಿಂದಿನ ರಾತ್ರಿಯೇ ಒಣ ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜಿಡಿ. ಒಂದು ಕಡೆ ತಂಡದ ಲೋಗೊ ಇದ್ದರೆ ಇನ್ನೊಂದು ಕಡೆಯ ಖಾಲಿ ಜಾಗ ತೋರಿಸಿ, ಅಥವಾ ಲೋಗೊ ಸುತ್ತ ಜಾಗ ಇರುವ ಪಕ್ ಆರಿಸಿ.

ಪೇಂಟ್ ಪೆನ್ನಿಗೆ ಚಳಿ ಆಗದು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಒಮ್ಮೆ ಎರಡು ಗಂಟೆ ಕಾದು ನಿಂತಿದ್ದೆ. ಪೆನ್ ಜಾಕೆಟ್‌ನ ಹೊರ ಜೇಬಿನಲ್ಲಿತ್ತು. ಕಾರು ನಿಂತಿತು, ಗಾಜು ಇಳಿಯಿತು, ಪಕ್ ಕೊಟ್ಟೆ. ಪೆನ್ನಿನಿಂದ ಬಂದದ್ದು ಒಂದು ಒಣ ಗೀರು, ಅಷ್ಟೇ. ಅವರು ಎರಡು ಸಲ ಪ್ರಯತ್ನಿಸಿ, ಪಾಪ, ತಾವೇ "ಸಾರಿ" ಅಂದು ಹೊರಟರು. ಅಂದಿನಿಂದ ಪೆನ್ನು ಅಂಗಿಯ ಒಳಗೆ, ಮೈಗೆ ತಾಗುವ ಹಾಗೆ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅಲುಗಾಡಿಸಬೇಕು, ಒಳಗಿನ ಗುಂಡು ಟಕಟಕ ಅನ್ನಬೇಕು. ಒಂದು ಚೀಟಿಯ ಮೇಲೆ ತುದಿ ಒತ್ತಿ ಪೇಂಟ್ ಇಳಿಸಿ ನೋಡಬೇಕು. ಪಕ್ ಮೇಲೆಯೇ ಒತ್ತಿ ನೋಡಲು ಹೋದರೆ ದೊಡ್ಡ ಹನಿ ಬಿದ್ದು ಕೆಡುತ್ತದೆ.

ಸಹಿ ಆದ ಮೇಲೆ ಐದು ನಿಮಿಷ ಪಕ್ ಮುಟ್ಟಬೇಡಿ. ಅಂಚು ಹಿಡಿದುಕೊಂಡೇ ನಿಂತಿರಿ.

ಕಾರ್ಡು, ಫೋಟೊ, ಜರ್ಸಿ, ಸ್ಟಿಕ್?

ಕಾರ್ಡಿಗೂ ಫೋಟೊಗೂ ನೀಲಿ ಶಾರ್ಪಿ ಮಾರ್ಕರ್. ಕಪ್ಪಾದರೆ ಅಚ್ಚಾದದ್ದೋ ಬರೆದದ್ದೋ ಎಂಬ ಅನುಮಾನ ಬರುತ್ತದೆ. ಹೊಳೆಯುವ ಕಾರ್ಡಿನ ಮೇಲೆ ಇಂಕು ಗುಳ್ಳೆಗುಳ್ಳೆಯಾಗಿ ಒಡೆಯುತ್ತದೆ. ಅದಕ್ಕೆ ಸಂಗ್ರಹಕಾರರ ಹಳೆಯ ಉಪಾಯ ಒಂದಿದೆ. ಸಹಿ ಬೀಳುವ ಜಾಗಕ್ಕೆ ಚಿಟಿಕೆ ಬೇಬಿ ಪೌಡರ್ ಹಾಕಿ ಮೆತ್ತಗೆ ಉಜ್ಜಿ ಒರೆಸಿಬಿಡಿ. ಬಿಳಿ ರಬ್ಬರಿನಲ್ಲಿ ಹಗುರವಾಗಿ ಉಜ್ಜಿದರೂ ಆಗುತ್ತದೆ.

ಜರ್ಸಿಯಾದರೆ ಬೆನ್ನಿನ ನಂಬರ್ ಮೇಲೆ ಹಾಕಿಸಿ. ಒಳಗೆ ರಟ್ಟು ಇಟ್ಟು ಬಟ್ಟೆ ಬಿಗಿಯಾಗಿ ಎಳೆದು ಹಿಡಿಯಿರಿ. ಈಗಿನ ಸ್ಟಿಕ್ ಹೆಚ್ಚಾಗಿ ಕಪ್ಪು, ಹಾಗಾಗಿ ಬೆಳ್ಳಿ ಪೆನ್. ಹಳೆಯ ಮರದ ಸ್ಟಿಕ್ ಸಿಕ್ಕರೆ ಕಪ್ಪು ಮಾರ್ಕರ್.

ಸಹಿಯ ಪಕ್ಕ ನಂಬರ್ ಯಾಕೆ ಬರೆಯುತ್ತಾರೆ?

ಹಾಕಿಯಲ್ಲಿ ಅದು ರೂಢಿ. ಸಹಿಯ ಬಾಲಕ್ಕೆ ಜರ್ಸಿ ನಂಬರ್ ಅಂಟಿಕೊಂಡಿರುತ್ತದೆ. ಸಹಿ ಓದಲು ಬಾರದಿದ್ದರೂ 87 ಕಂಡರೆ ಸಿಡ್ನಿ ಕ್ರಾಸ್ಬಿ ನೆನಪಾಗುತ್ತಾರೆ. 99 ಅಂದರೆ ವೇಯ್ನ್ ಗ್ರೆಟ್ಸ್ಕಿ ಒಬ್ಬರೇ, ಆ ನಂಬರನ್ನು 2000ದಲ್ಲಿ ಲೀಗ್ ಪೂರ್ತಿಯಾಗಿ ನಿವೃತ್ತಿ ಮಾಡಿದೆ. ಹಾಲ್ ಆಫ್ ಫೇಮ್ (ಹಾಕಿ ದಿಗ್ಗಜರ ಗೌರವ ಪಟ್ಟಿ) ಸೇರಿದ ಹಿರಿಯರು "ಎಚ್‌ಒಎಫ್" ಎಂದು ಬರೆದು ವರ್ಷ ಹಾಕುತ್ತಾರೆ.

ನನ್ನ ಹೆಸರು ಬರೆಸಿಕೊಳ್ಳಬೇಕಾ?

ಬರೆಸಿಕೊಳ್ಳಿ. ಮಾರುಕಟ್ಟೆಯಲ್ಲಿ ಬೆಲೆ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಹೆಸರು ಹೇಳಿ ಕೇಳಿದವರನ್ನು ಆಟಗಾರರು ಬೇರೆಯೇ ಥರ ನೋಡುತ್ತಾರೆ. ಇವರು ಮಾರಲು ಬಂದವರಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಕನ್ನಡದ ಹೆಸರು ಅವರಿಗೆ ತೊಡಕಾಗಬಹುದು. ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಚೀಟಿ ಬರೆದು ತೋರಿಸಿ.

ಅಷ್ಟು ದೂರ ಹೋಗಲಾಗದು. ಅಂಚೆಯಲ್ಲಿ ತರಿಸಬಹುದಾ?

ಬಹುದು. ತಾಳ್ಮೆ ಬೇಕು, ಅಷ್ಟೇ. ಎರಡು ವಾರಕ್ಕೂ ಬರಬಹುದು, ಎರಡು ವರ್ಷಕ್ಕೂ ಬರಬಹುದು, ಬಾರದೆಯೂ ಇರಬಹುದು.

ಆಟಗಾರರ ಹೆಸರು ಬರೆದು ತಂಡದ ವಿಳಾಸಕ್ಕೆ ಕಳಿಸಿ. ಮನೆ ವಿಳಾಸ ಹುಡುಕಬೇಡಿ. ಆ ಮನೆಯಲ್ಲಿ ಹೆಂಡತಿ ಮಕ್ಕಳು ಇರುತ್ತಾರೆ, ಅಲ್ಲಿಗೆ ನಾವು ಹೋಗಬಾರದು, ನಮ್ಮ ಕಾಗದವೂ ಹೋಗಬಾರದು. ಕವರಿನಲ್ಲಿ ಒಂದು ಚಿಕ್ಕ ಪತ್ರ, ಒಂದು ಅಥವಾ ಎರಡು ಕಾರ್ಡು, ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಇನ್ನೊಂದು ಕವರ್. ಪತ್ರ ಕೈಬರಹದಲ್ಲಿರಲಿ, ಅರ್ಧ ಪುಟ ಸಾಕು. "ನಾನು ನಿಮ್ಮ ದೊಡ್ಡ ಅಭಿಮಾನಿ" ಅಂತ ಎಲ್ಲರೂ ಬರೆಯುತ್ತಾರೆ. ಅವರು ಆಡಿದ ಒಂದು ಆಟ ನೆನಪಿಸಿ. ಆ ಪಾಸ್, ಆ ತಡೆ, ನೀವು ಕೂತಿದ್ದ ಜಾಗದಿಂದ ಅದು ಹೇಗೆ ಕಂಡಿತು, ಅಷ್ಟು ಬರೆಯಿರಿ.

ಎಲ್ಲರೂ ಎಡವುವುದು ಅಂಚೆಚೀಟಿಯಲ್ಲಿ. ಕೆನಡಾದಿಂದ ವಾಪಸ್ ಬರುವ ಕವರಿಗೆ ಕೆನಡಾದ ಅಂಚೆಚೀಟಿಯೇ ಬೇಕು, ಅಮೆರಿಕದ್ದು ನಡೆಯುವುದಿಲ್ಲ. ಮೊದಲ ವರ್ಷ ಕೆನಡಾದ ಒಂದು ತಂಡಕ್ಕೆ ಕಳಿಸುವಾಗ ನಾನು ಅಮೆರಿಕದ ಚೀಟಿ ಹಚ್ಚಿದ್ದೆ. ಒಳಗೆ ಬಹಳ ಇಷ್ಟದ ಕಾರ್ಡಿತ್ತು. ಅದು ಮರಳಿ ಬರಲಿಲ್ಲ, ಈಗಲೂ ನೆನೆದರೆ ಸಂಕಟ. ನೀವು ಬೇರೆ ದೇಶದಲ್ಲಿದ್ದು ಅಮೆರಿಕದ ತಂಡಕ್ಕೆ ಬರೆಯುವುದಾದರೆ ಗ್ಲೋಬಲ್ ಫಾರೆವರ್ ಎಂಬ ಚೀಟಿ ತರಿಸಿಕೊಳ್ಳಿ. ಒಂದು ಔನ್ಸ್ ಒಳಗಿನ ಪತ್ರ ಅದರಲ್ಲಿ ಅಮೆರಿಕದಿಂದ ಯಾವ ದೇಶಕ್ಕಾದರೂ ಹೋಗುತ್ತದೆ.

ತೀರಾ ದುಬಾರಿ ಕಾರ್ಡು ಅಂಚೆಗೆ ಹಾಕಬೇಡಿ.

ಗ್ರೆಟ್ಸ್ಕಿ, ಬಾಬಿ ಓರ್ ಥರದವರ ಸಹಿ?

ಇಂಥ ಹಳೆಯ ದಿಗ್ಗಜರ ಸಹಿ ಒಪ್ಪಂದದ ಮೇಲೆ ಕಂಪನಿಗಳ ಮೂಲಕ ಬರುತ್ತದೆ. ಗ್ರೆಟ್ಸ್ಕಿಯವರದು ಅಪ್ಪರ್ ಡೆಕ್ ಎಂಬ ಕಾರ್ಡು ಕಂಪನಿಯ ಮೂಲಕ. ಸಹಿ ಹಾಕುವಾಗ ಕಂಪನಿಯವರು ಎದುರಿಗೇ ಕೂತಿರುತ್ತಾರೆ, ಆಮೇಲೆ ನಂಬರ್ ಇರುವ ಹೊಲೊಗ್ರಾಮ್ ಅಂಟಿಸುತ್ತಾರೆ. ಓರ್ ಅವರದು ಗ್ರೇಟ್ ನಾರ್ತ್ ರೋಡ್ ಎಂಬ ಸಂಸ್ಥೆಯ ಮೂಲಕ. ಬೆಲೆ ಜಾಸ್ತಿ. ಆದರೆ ಇವರಿಬ್ಬರ ಸಹಿ ಅಗ್ಗಕ್ಕೆ ಕೊಳ್ಳುವುದಕ್ಕಿಂತ ಕೊಳ್ಳದಿರುವುದೇ ವಾಸಿ.

ಕಾರ್ಡ್ ಪ್ಯಾಕೆಟ್‌ನಲ್ಲಿ ಬರುವ ಸಹಿ ಅಸಲಿಯಾ?

ಅಸಲಿಯೇ. ಅದರಲ್ಲಿ ಎರಡು ಬಗೆ. ಕೆಲವದರಲ್ಲಿ ಆಟಗಾರರು ಕಾರ್ಡಿನ ಮೇಲೆಯೇ ಬರೆದಿರುತ್ತಾರೆ. ಉಳಿದವದರಲ್ಲಿ ಪಾರದರ್ಶಕ ಸ್ಟಿಕ್ಕರ್ ಹಾಳೆಗೆ ಸಹಿ ಹಾಕಿ ಕಳಿಸಿರುತ್ತಾರೆ, ಕಂಪನಿ ಅದನ್ನು ಕಾರ್ಡಿಗೆ ಅಂಟಿಸುತ್ತದೆ. ಸ್ಟಿಕ್ಕರ್ ಅಂಚಿನಲ್ಲಿ ಅರ್ಧ ಕತ್ತರಿಸಿದ ಸಹಿ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ನನ್ನ ಆಯ್ಕೆ ಯಾವತ್ತೂ ಮೊದಲನೆಯದು.

ನಕಲಿ ಸಹಿ ಹೇಗೆ ಗುರುತಿಸುವುದು?

ಮೊದಲು ಭೂತಗನ್ನಡಿ ತಗೊಳ್ಳಿ. ನಾನು ಆನ್‌ಲೈನ್‌ನಲ್ಲಿ ಒಬ್ಬರಿಂದ ಸಹಿ ಇರುವ ಫೋಟೊ ಕೊಂಡಿದ್ದೆ. ನೋಡಲು ಬಹಳ ಚಂದ. ಗನ್ನಡಿ ಹಿಡಿದರೆ ಸಹಿಯ ಗೆರೆ ತುಂಬ ಸಣ್ಣ ಸಣ್ಣ ಚುಕ್ಕೆಗಳು, ಪಕ್ಕದ ಜರ್ಸಿಯಲ್ಲಿದ್ದಂಥವೇ. ಫೋಟೊ ಜೊತೆಗೇ ಅಚ್ಚಾದ ಸಹಿ ಅದು. ನಿಜವಾದ ಇಂಕು ಫೋಟೊದ ಮೇಲೆ ಕೂತಿರುತ್ತದೆ. ದೀಪದ ಕೆಳಗೆ ಓರೆ ಮಾಡಿ ಹಿಡಿದರೆ ಅದರ ಹೊಳಪೇ ಬೇರೆ.

ಆಟೋಪೆನ್ ಅಂತ ಯಂತ್ರ ಇದೆ, ಅದೂ ನಿಜವಾದ ಪೆನ್ನಿನಲ್ಲೇ ಬರೆಯುತ್ತದೆ. ಆದರೆ ಮನುಷ್ಯನ ಕೈ ಒಂದು ಕಡೆ ಒತ್ತುತ್ತದೆ, ಇನ್ನೊಂದು ಕಡೆ ಹಾರುತ್ತದೆ. ಯಂತ್ರದ ಗೆರೆ ಮೊದಲಿಂದ ಕೊನೆವರೆಗೂ ಒಂದೇ ದಪ್ಪ. ಎರಡು ಸಹಿ ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯೂ ವ್ಯತ್ಯಾಸ ಬಾರದಿದ್ದರೆ ಅದು ಕೈಬರಹ ಅಲ್ಲ.

ಆಮೇಲೆ ಕಾಲ ನೋಡಿ. ಮಾಂಟ್ರಿಯಲ್‌ನ ಹಳೆಯ ತಾರೆ ಹೌವೀ ಮೊರೆಂಜ್ ತೀರಿಕೊಂಡದ್ದು 1937ರಲ್ಲಿ. ಶಾರ್ಪಿ ಬಂದದ್ದು 1964ರಲ್ಲಿ. ಬಾಲ್‌ಪೆನ್ ಅಮೆರಿಕದ ಅಂಗಡಿಗೆ ಬಂದದ್ದೇ 1945ರಲ್ಲಿ. ಹಾಗಾಗಿ ಮೊರೆಂಜ್ ಸಹಿ ಮಾರ್ಕರ್‌ನಲ್ಲಿದ್ದರೆ ಬೇರೆ ಏನೂ ನೋಡಬೇಕಾಗಿಲ್ಲ. ಪಕ್ ಮೇಲಿನ ಲೋಗೊ ಯಾವ ವರ್ಷದ್ದು, ಆಗ ಆ ಆಟಗಾರ ಬದುಕಿದ್ದರಾ, ಇದನ್ನೂ ಕೇಳಿಕೊಳ್ಳಿ. ಟೊರಾಂಟೊದ ಬಿಲ್ ಬರಿಲ್ಕೊ 1951ರಲ್ಲಿ ಕಪ್ ಗೆಲ್ಲಿಸಿದ ಗೋಲು ಹೊಡೆದು, ಅದೇ ಬೇಸಿಗೆಯಲ್ಲಿ ವಿಮಾನ ಅಪಘಾತದಲ್ಲಿ ಹೋದರು. ಅಷ್ಟು ಚಿಕ್ಕ ಬದುಕಿನ ಸಹಿ ಯಾರೋ ಡಜನ್‌ಗಟ್ಟಲೆ ಮಾರುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಸರ್ಟಿಫಿಕೇಟ್ ಇದ್ದರೆ ಸಾಕಲ್ವಾ?

ಸಾಲದು. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಹೆಸರಿನಲ್ಲಿ ನಕಲಿ ಸಹಿಗಳ ದೊಡ್ಡ ಜಾಲ ಹಿಡಿಯಿತು. ಅವರು ಸಹಿಯ ಜೊತೆ ಸರ್ಟಿಫಿಕೇಟನ್ನೂ ನಕಲಿ ಮಾಡುತ್ತಿದ್ದರು. ಕಾಗದ ಯಾರು ಬೇಕಾದರೂ ಅಚ್ಚು ಹಾಕಬಹುದು. ಅದನ್ನು ಕೊಟ್ಟವರು ಯಾರು ಎಂಬುದು ಮುಖ್ಯ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಸಹಿ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಈ ಮೂರು ಸಂಸ್ಥೆಗಳ ಹೆಸರು ಈ ವ್ಯವಹಾರದಲ್ಲಿ ಓಡುತ್ತದೆ. ಸರ್ಟಿಫಿಕೇಟಿನ ನಂಬರನ್ನು ಅವರದೇ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಕಣ್ಣೆದುರೇ ಹಾಕಿಸಿಕೊಂಡ ಸಹಿಗೆ ನಾನು ಯಾವ ಕಾಗದವನ್ನೂ ಮಾಡಿಸುವುದಿಲ್ಲ.

ಎನ್‌ಎಚ್‌ಎಲ್ ಬಿಟ್ಟು ಬೇರೆ ಲೀಗ್‌ಗಳು?

ಖಂಡಿತ ಹೋಗಿ. ಎಎಚ್‌ಎಲ್ ಅಂದರೆ ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗೆ. ಈಗಿನ ಎನ್‌ಎಚ್‌ಎಲ್ ಆಟಗಾರರಲ್ಲಿ ಬಹುಪಾಲು ಜನ ಅದನ್ನು ದಾಟಿ ಬಂದವರೇ. ಗುಂಪು ಕಡಿಮೆ, ಮಾತಾಡಲು ಸಮಯ ಸಿಗುತ್ತದೆ. ಮಹಿಳೆಯರ ಪಿಡಬ್ಲ್ಯುಎಚ್‌ಎಲ್ 2024ರ ಜನವರಿಯಲ್ಲಿ ಆರು ತಂಡಗಳೊಂದಿಗೆ ಶುರುವಾಯಿತು. ಅಲ್ಲಿನ ಆಟಗಾರ್ತಿಯರು ಅಭಿಮಾನಿಗಳ ಜೊತೆ ನಿಂತು ಮಾತಾಡುವ ರೀತಿ ನನಗೆ ಬಹಳ ಇಷ್ಟ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ.

ಎಲ್ಲೂ ಹೋಗಲಾಗದಿದ್ದರೆ ತಂಡಗಳ ಚಾರಿಟಿ ಸಂಸ್ಥೆಗಳು ಮಾರುವ "ಮಿಸ್ಟರಿ ಪಕ್" ಕೊಳ್ಳಿ. ಪ್ಯಾಕ್ ಬಿಚ್ಚುವವರೆಗೂ ಯಾರ ಸಹಿ ಅಂತ ಗೊತ್ತಿರುವುದಿಲ್ಲ. ಸಹಿ ಅಸಲಿ, ದುಡ್ಡು ಒಳ್ಳೆಯ ಕೆಲಸಕ್ಕೆ.

ಮನೆಯಲ್ಲಿ ಹೇಗೆ ಇಡಬೇಕು?

ಬಿಸಿಲಿನಿಂದ ದೂರ. ಕಿಟಕಿಯ ಎದುರು ನೇತುಹಾಕಿದ ಫೋಟೊದಲ್ಲಿ ನೀಲಿ ಇಂಕು ಕೆಲವೇ ವರ್ಷಕ್ಕೆ ಮಾಸಿಹೋಗುತ್ತದೆ. ಕಾರ್ಡಿಗೆ ಮೊದಲು ತೆಳು ಕವರ್, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್. ಪಿವಿಸಿ ಇರುವ ಅಗ್ಗದ ಕವರ್ ಬೇಡ. ಜರ್ಸಿ ಒಗೆಯಬೇಡಿ.

ಮಾರಬಹುದಾ?

ನಿಮ್ಮ ವಸ್ತು, ನಿಮ್ಮಿಷ್ಟ. ಆದರೆ ಮಗುವಿನ ಕೈಗೆ ಪಕ್ ಕೊಟ್ಟು ಸಹಿ ಹಾಕಿಸಿ, ಮೂಲೆಗೆ ಕರೆದು ಕಿತ್ತುಕೊಂಡು, ಸಂಜೆಯೇ ಮಾರಾಟಕ್ಕಿಡುವವರನ್ನು ಕಣ್ಣಾರೆ ನೋಡಿದ್ದೇನೆ. ಆಟಗಾರರೂ ನೋಡಿದ್ದಾರೆ. ಕೆಲವರು ಗಾಜು ಇಳಿಸುವುದನ್ನೇ ನಿಲ್ಲಿಸಿದ್ದು ಇಂಥವರಿಂದ. ಇದು ಮಾತ್ರ ಮಾಡಬೇಡಿ, ಕೈಮುಗಿದು ಕೇಳುತ್ತೇನೆ.

ಸಹಿ ಬರೀ ಗೀಚಿದ ಹಾಗಿದೆ. ಯಾರದೆಂದು ಮರೆತರೆ?

ಹಿಂದಿನವರು ಹೀಗೆ ಗೀಚುತ್ತಿರಲಿಲ್ಲ. ಮಾಂಟ್ರಿಯಲ್‌ನ ಜಾನ್ ಬೆಲಿವೊ ಆಟಗಾರರಾಗಿ ಹತ್ತು ಸಲ ಕಪ್ ಗೆದ್ದವರು. ಅವರ ಸಹಿಯಲ್ಲಿ ಪ್ರತಿ ಅಕ್ಷರ ಓದಬಹುದು. 1971ರಲ್ಲಿ ಆಟ ಬಿಟ್ಟ ಮೇಲೂ ಅಭಿಮಾನಿಗಳ ಪತ್ರಕ್ಕೆ ಉತ್ತರಿಸುತ್ತಿದ್ದರು. ಟೊರಾಂಟೊದ ಗೋಲ್‌ಕೀಪರ್ ಜಾನಿ ಬೋವರ್ ಕೂಡ ಹಾಗೇ. ಮುಪ್ಪಿನಲ್ಲೂ ಹೆಸರು ಪೂರ್ತಿ ಬರೆದು, ಹಾಲ್ ಆಫ್ ಫೇಮ್ ಸೇರಿದ ವರ್ಷ 76 ಹಾಕಿಕೊಡುತ್ತಿದ್ದರು.

ಈಗಿನವರ ಸಹಿಗೆ ನೋಟ್‌ಬುಕ್ಕೇ ಗತಿ. ಬಂದ ಕೂಡಲೇ, ಕೈ ಬೆಚ್ಚಗಾಗುವ ಮೊದಲೇ ಬರೆದಿಡಿ. ನನ್ನ ನೋಟ್‌ಬುಕ್‌ನ ಒಂದು ಪುಟದಲ್ಲಿ ಹೀಗಿದೆ: "ಫೆಬ್ರುವರಿ, ಮಂಗಳವಾರ, ಹಿಂದಿನ ಗೇಟು. ಪಕ್, ಬೆಳ್ಳಿ ಪೆನ್. ಎರಡನೇ ಗೋಲ್‌ಕೀಪರ್. ಎಡಗೈಯಲ್ಲಿ ಬರೆದರು. ಎಷ್ಟು ಹೊತ್ತಿನಿಂದ ನಿಂತಿದ್ದೀರಿ ಎಂದು ಕೇಳಿದರು. ಪೆನ್ ವಾಪಸ್ ಕೊಡುವಾಗ ಕ್ಯಾಪ್ ತಾವೇ ಹಾಕಿ ಕೊಟ್ಟರು."